ಬೈಕ್ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯೇ ಅಪರಾಧಿಯೇ?

ಮೈನ್ ಸ್ವಿಚ್ ತೆಗೆದು ಪಂಪಿನ ಸ್ಟಾರ್ಟರ್ ಬಿಚ್ಚಿ, ಪಾಯಿಂಟಿಗೆ ಮರಳು ಕಾಗದ ಉಜ್ಜುವ ಧೈರ್ಯ ನಮ್ಮಲ್ಲಿ ಬಹಳ ಮಂದಿಗೆ ಉಂಟು. ಆದರೆ ಬೈಕಿನ ಸೆಲ್ಫ್ ಒತ್ತಿದಾಗ 'ಟಿಕ್' ಅಂತ ಸುಮ್ಮನಾದರೆ ಕೈಕಟ್ಟಿ ನಿಲ್ಲುತ್ತೇವೆ. ಮೂರು ಫೇಸಿಗೆ ಹೆದರದವರು 12 ವೋಲ್ಟಿಗೆ ಹೆದರುವುದು ಯಾಕೆ ಮಾರಾಯ್ರೆ?

ಈ ಹೆದರಿಕೆಗೆ ನಾವು ಕೊಡುವ ಬೆಲೆ ಸಣ್ಣದಲ್ಲ. ಬೆಳಗ್ಗೆ ಹಾಲು ಸೊಸೈಟಿಗೆ ಮುಟ್ಟುವುದಿಲ್ಲ. ಪಿಕಪ್ ಬಾಡಿಗೆ ಕೊಟ್ಟು ಬೈಕನ್ನು ಪೇಟೆಗೆ ಸಾಗಿಸಬೇಕು. ಅಲ್ಲಿ ಮೀಟರ್ ಕೂಡಾ ಹಿಡಿಯದೆ 'ಬ್ಯಾಟರಿ ಹೋಗಿದೆ' ಎಂಬ ತೀರ್ಪು. ನಮ್ಮ ನೆರೆಯವರೊಬ್ಬರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದರು. ಕೊನೆಗೆ ನೋಡಿದರೆ ಚಾರ್ಜೇ ಆಗುತ್ತಿರಲಿಲ್ಲ, ರೆಗ್ಯುಲೇಟರಿನ ಕನೆಕ್ಟರ್ ಸುಟ್ಟು ಕಪ್ಪಾಗಿತ್ತು. ಇಂಥ ಕಡೆ ಮೂರನೇ ಬ್ಯಾಟರಿ ಹಾಕಿದರೂ ಕತೆ ಅದೇ.

ಹಾಗಾಗಿ ನನ್ನ ವಾದ ಇಷ್ಟೇ: ಅಳೆಯದೆ ಬ್ಯಾಟರಿ ಬದಲಿಸಬೇಡಿ. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ.

ಮೀಟರಿಗೂ ಮೊದಲು ಕಣ್ಣು, ಕಿವಿ. ಇಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ಚನ್ನು ಮಕ್ಕಳು ಒತ್ತಿದ್ದಾರೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಸೈಡ್ ಸ್ಟ್ಯಾಂಡ್ ಮಡಚಿದೆಯೇ? ನಗಬೇಡಿ. ಈಗಿನ ಅನೇಕ ಗಾಡಿಗಳಲ್ಲಿ ಸ್ಟ್ಯಾಂಡಿನ ಸ್ವಿಚ್ಚಿಗೆ ತೋಟದ ಕೆಸರು ಮೆತ್ತಿದರೂ ಸಾಕು, ಸ್ಟಾರ್ಟ್ ಆಗುವುದಿಲ್ಲ. ಮತ್ತೆ ಶಬ್ದ ಕೇಳಿ. ದೀಪವೂ ಇಲ್ಲ, ಶಬ್ದವೂ ಇಲ್ಲವೆಂದರೆ ಫ್ಯೂಸ್ ಅಥವಾ ಬ್ಯಾಟರಿ ಟರ್ಮಿನಲ್ ನೋಡಿ. ಟಿಕ್ ಟಿಕ್ ಎಂದು ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ. ದೀಪ ಚೆನ್ನಾಗಿದ್ದು ಒಂದೇ ಟಿಕ್ ಬಂದರೆ ರಿಲೇ ಅಥವಾ ಸೆಲ್ಫ್ ಮೋಟರಿನ ಮೇಲೆ ಸಂಶಯ ಪಡಬಹುದು. ಮೋಟರ್ ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಪ್ಲಗ್ಗನ್ನೂ ಪೆಟ್ರೋಲನ್ನೂ ನೋಡಿ.

ಈಗ ಮೀಟರ್. ಡಿ.ಸಿ. 20 ವೋಲ್ಟಿಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6ರಿಂದ 12.8 ತೋರಿಸಿದರೆ ಚಾರ್ಜ್ ಪೂರ್ತಿ ಇದೆ. 12ಕ್ಕಿಂತ ಕೆಳಗಿದ್ದರೆ ಖಾಲಿಯಾದ ಹಾಗೆ, ಮೊದಲು ಚಾರ್ಜ್ ಮಾಡಿಸಿ. ಚಾರ್ಜ್ ಆದ ಬ್ಯಾಟರಿ ಸೆಲ್ಫ್ ಒತ್ತುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿಯಿತು ಅನ್ನಿ. ಕುಸಿಯದೆಯೂ ಮೋಟರ್ ಏದುಸಿರು ಬಿಡುತ್ತಿದ್ದರೆ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಒತ್ತಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ವಯರಿನ ಬೋಲ್ಟಿಗೆ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರಾಯಿತು. ಖರ್ಚು ಸೊನ್ನೆ.

ಸ್ಟಾರ್ಟ್ ಆದ ಮೇಲೆ ಸ್ವಲ್ಪ ರೈಸ್ ಮಾಡಿ ಬ್ಯಾಟರಿಗೇ ಹಿಡಿಯಿರಿ. 13.5ರಿಂದ 14.5ರೊಳಗೆ ಬರಬೇಕು. ಏರದೆ 12ರಲ್ಲೇ ನಿಂತರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಪಕ್ಕದ ಮನೆಯ ಬ್ಯಾಟರಿಗಳನ್ನು ಈ ಒಂದು ಪರೀಕ್ಷೆ ಉಳಿಸುತ್ತಿತ್ತು.

'ಈಗಿನ ಗಾಡಿ ಪೂರಾ ಕಂಪ್ಯೂಟರ್, ನೀವು ಮುಟ್ಟಿದರೆ ವಾರಂಟಿ ಹೋಗುತ್ತದೆ' ಎನ್ನುವವರಿದ್ದಾರೆ. ಅರ್ಧ ಸತ್ಯ. ಕಂಪ್ಯೂಟರ್ ಪೆಟ್ಟಿಗೆಯ ಪಿನ್ನುಗಳಿಗೆ ಕಡ್ಡಿ ಚುಚ್ಚಬಾರದು. ಇಂಜಿನ್ ಓಡುವಾಗ ಬ್ಯಾಟರಿ ವಯರ್ ಕಳಚಬಾರದು. ವಯರ್ ಕಳಚುವುದಿದ್ದರೆ ಕೀ ತೆಗೆದು, ಮೊದಲು ಮೈನಸ್. ಫ್ಯೂಸ್ ಹೋದರೆ ಸಿಗರೇಟಿನ ಬೇಗಡೆ ಸುತ್ತುವ ಕ್ರಮ ನಮ್ಮಲ್ಲಿದೆಯಲ್ಲ, ಅದನ್ನು ಬಿಟ್ಟೇಬಿಡಬೇಕು. ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ. ಎರಡನೇ ಸಲವೂ ಫ್ಯೂಸ್ ಸುಟ್ಟರೆ ಎಲ್ಲೋ ಇಲಿ ವಯರ್ ಕಡಿದಿದೆ ಎಂದೇ ಹುಡುಕಿ. ಆದರೆ ಬ್ಯಾಟರಿಗೆ ಮೀಟರ್ ಹಿಡಿದರೆ ಗಾಡಿಗೆ ಏನೂ ಆಗುವುದಿಲ್ಲ.

ಕಂಪೆನಿಯವರಿಗೂ ಒಂದು ಮಾತಿದೆ. 2020ರ ಏಪ್ರಿಲಿನಲ್ಲಿ ಬಿ.ಎಸ್.-6 ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಇಂಧನ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಎಷ್ಟೋ ಮಾದರಿಗಳಲ್ಲಿ ಕಿಕ್ಕರ್ ಇಲ್ಲ. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪ್ ತಿರುಗುವುದಿಲ್ಲ, ದೂಡಿ ಸ್ಟಾರ್ಟ್ ಮಾಡುವ ಹಳೇ ಉಪಾಯವೂ ನಡೆಯುವುದಿಲ್ಲ. ಪೇಟೆಯಿಂದ ಹದಿನೈದು ಮೈಲು ದೂರ ಇರುವವನ ಕಷ್ಟ ಇದನ್ನು ತೀರ್ಮಾನಿಸಿದವರಿಗೆ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಹೊಸ ಗಾಡಿ ಕೊಳ್ಳುವಾಗ ಮೈಲೇಜಿನ ಜತೆ ಕಿಕ್ಕರ್ ಉಂಟೋ ಎಂದೂ ಕೇಳಿ.

ವಯರಿಂಗ್ ನಕ್ಷೆಯನ್ನೂ ಕೇಳಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಎಂಬ ಜಾಲತಾಣ ತೆರೆಯಿತು. ಕೃಷಿ ಯಂತ್ರಗಳೂ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಮಾಹಿತಿ ಪುಸ್ತಕದ ಕೊನೆಗೆ ಒಂದು ಪುಟದ ನಕ್ಷೆ ಸೇರಿಸಿದರೆ ಕಂಪೆನಿಗೇನೂ ನಷ್ಟವಿಲ್ಲ, ನಮ್ಮೂರಿನ ಮೆಕ್ಯಾನಿಕ್ ಹುಡುಗನಿಗೂ ಉಪಕಾರ.

ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ತೆಗೆಯದಿದ್ದರೆ ಬ್ಯಾಟರಿಯ ಮೈನಸ್ ವಯರ್ ಕಳಚಿಡಿ. ಟರ್ಮಿನಲ್ಲಿನ ಹಸಿರು ಕಿಲುಬನ್ನು ಸೋಡಾ ಹುಡಿ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಮೊದಲೇ ಹಚ್ಚಿದರೆ ಅದೇ ಕರೆಂಟಿಗೆ ಅಡ್ಡ ಬರುವುದುಂಟು.