ಕಾಣದ ಗೆಳೆಯರು ಕೂಡುವಾಗ

ಒಬ್ಬರನ್ನೊಬ್ಬರು ಕಣ್ಣಿನಿಂದ ಕಾಣದೆ, ಕೇವಲ ಬರವಣಿಗೆಯ ಮೂಲಕ ಸ್ನೇಹಿತರಾದವರು ಅಂಚೆಯ ಕಾಲದಿಂದಲೂ ಲೋಕದಲ್ಲಿ ಇದ್ದಾರೆ. ಅಂದು ಒಂದು ಕಾಗದ ಊರಿಂದೂರಿಗೆ ತಲುಪಲು ದಿನಗಳು ಹಿಡಿಯುತ್ತಿದ್ದವು. ಸಮುದ್ರ ದಾಟಬೇಕಾದರೆ ವಾರಗಳೇ ಉರುಳುತ್ತಿದ್ದವು. ಇಂದು ಅಂತರಜಾಲದ ದೆಸೆಯಿಂದ ಕ್ಷಣಮಾತ್ರ ಸಾಕು. ಬೆಳಗ್ಗೆ ಒಬ್ಬನು ಕೇಳಿದ ಪ್ರಶ್ನೆಗೆ ಮಧ್ಯಾಹ್ನದೊಳಗೆ ಬೇರೊಂದು ಖಂಡದಿಂದ ಉತ್ತರ ಬರುತ್ತದೆ. ಬೇಕೆಂದರೆ ಉತ್ತರ ಕೊಟ್ಟವನ ಮುಖವನ್ನೂ ಪರದೆಯ ಮೇಲೆ ನೋಡಬಹುದು. ಹೀಗಿರುವಾಗ ಹಣ ಖರ್ಚುಮಾಡಿ, ರಜೆ ಪಡೆದು, ನೂರಾರು ಮೈಲಿ ಪ್ರಯಾಣ ಮಾಡಿ ಒಂದೆಡೆ ಸೇರುವ ಅಗತ್ಯವಾದರೂ ಏನು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದು, ಆದರೆ ಅದಕ್ಕೆ ಉತ್ತರವಿದೆ. ಆ ಉತ್ತರವನ್ನು ಉಪಾಧ್ಯಾಯರ ಬಾಳಿನಲ್ಲಿಯೇ ಹುಡುಕುವುದು ಉಚಿತ.

ಉಪಾಧ್ಯಾಯನ ವೃತ್ತಿ ಹೊರನೋಟಕ್ಕೆ ಜನರ ನಡುವಿನ ವೃತ್ತಿ. ಅವನ ಎದುರಿಗೆ ದಿನವೂ ನಲವತ್ತು ಐವತ್ತು ಮಕ್ಕಳು ಕುಳಿತಿರುತ್ತಾರೆ. ಆದರೂ ತರಗತಿಯ ಬಾಗಿಲು ಮುಚ್ಚಿದ ಮೇಲೆ ಅವನು ಒಬ್ಬಂಟಿಗನೇ. ಪಾಠ ಚೆನ್ನಾಗಿ ನಡೆಯಿತೋ ಕೆಟ್ಟಿತೋ ಎಂದು ತಿಳಿದು ಹೇಳಬಲ್ಲ ಸಮಾನನು ಅಲ್ಲಿಲ್ಲ. ಸಣ್ಣ ಶಾಲೆಯಾದರಂತೂ ಒಂದು ವಿಷಯಕ್ಕೆ ಒಬ್ಬನೇ ಉಪಾಧ್ಯಾಯ. ತನ್ನ ಸಂದೇಹವನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಅದೇ ವಿಷಯದವರು ಯಾರೂ ಇರುವುದಿಲ್ಲ. ಈ ಒಂಟಿತನವನ್ನು ಅಂತರಜಾಲ ಬಹುಮಟ್ಟಿಗೆ ಕಳೆಯಿತು. ದೂರದೂರದ ಉಪಾಧ್ಯಾಯರು ತಮ್ಮ ಪಾಠಗಳ ವಿಚಾರವಾಗಿ ಅಲ್ಲಿ ಬರೆಯತೊಡಗಿದರು. ಇತರರು ಬರೆದುದನ್ನು ಓದಿ ಉತ್ತರಿಸತೊಡಗಿದರು. ಕ್ರಮೇಣ ಅವರಲ್ಲಿ ಒಬ್ಬರನ್ನೊಬ್ಬರು ಕಾಣಬೇಕೆಂಬ ಹಂಬಲ ಮೂಡಿತು. ಹೀಗೆ ಪರಿಚಿತರಾಗಿದ್ದ ಸ್ಕಾಟ್ಲೆಂಡಿನ ಕೆಲವು ಉಪಾಧ್ಯಾಯರು 2006ರಲ್ಲಿ ಎಡಿನ್‌ಬರೋ ನಗರದಲ್ಲಿ ಕೂಡಿದರು. ‘ಟೀಚ್‌ಮೀಟ್’ ಎಂಬ ಸಭೆಗಳ ಪರಂಪರೆ ಅಲ್ಲಿಂದ ಮೊದಲಾಯಿತು. ಮರುವರ್ಷ, ಎಂದರೆ 2007ರ ಜೂನ್ ತಿಂಗಳಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ ಶಿಕ್ಷಣ ಮತ್ತು ಗಣಕಯಂತ್ರಗಳನ್ನು ಕುರಿತ ದೊಡ್ಡ ಸಮ್ಮೇಳನ ನಡೆಯಿತು. ಅದು ಆರಂಭವಾಗುವ ಮುನ್ನಾದಿನವೇ, ಬರಹದಿಂದ ಮಾತ್ರ ಪರಸ್ಪರ ಬಲ್ಲ ಉಪಾಧ್ಯಾಯರು ತಾವಾಗಿ ಒಂದೆಡೆ ಸೇರಿ ಇಡೀ ದಿನ ಮಾತನಾಡಿದರು.

ಬರಹದ ಸ್ನೇಹಕ್ಕೆ ಒಂದು ದೊಡ್ಡ ಗುಣವಿದೆ. ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ಆದರೆ ಮುಖವೇ ಕಾಣದಲ್ಲಿ ಮಣೆಯ ಎತ್ತರವನ್ನು ನಿರ್ಣಯಿಸುವುದು ಹೇಗೆ? ಬರೆದವನು ಹಿರಿಯನೋ ಕಿರಿಯನೋ, ನಗರದ ಹೆಸರಾಂತ ಶಾಲೆಯವನೋ ಕುಗ್ರಾಮದವನೋ ಎಂಬುದು ಓದುವವನಿಗೆ ಒಡನೆಯೇ ತಿಳಿಯುವುದಿಲ್ಲ. ಆದುದರಿಂದ ಅಲ್ಲಿ ಮಾತು ತನ್ನ ತೂಕದಿಂದಲೇ ನಿಲ್ಲಬೇಕು. ಸಭೆಯಲ್ಲಿ ಬಾಯಿ ತೆರೆಯಲು ಅಂಜುವ ತರುಣ ಉಪಾಧ್ಯಾಯಿನಿಯೂ ಬರಹದಲ್ಲಿ ಧೈರ್ಯದಿಂದ ತನ್ನ ಅಭಿಪ್ರಾಯವನ್ನು ಹೇಳಬಲ್ಲಳು. ಇದು ಸಾಮಾನ್ಯ ಲಾಭವಲ್ಲ.

ಆದರೆ ಅದೇ ಬರಹಕ್ಕೆ ಒಂದು ಕೊರತೆಯೂ ಉಂಟು. ಹತ್ತು ಜನ ಓದುತ್ತಾರೆಂಬ ಅರಿವಿನಿಂದ ಬರೆಯುವವನು ಸಾಮಾನ್ಯವಾಗಿ ತನ್ನ ಗೆಲುವನ್ನೇ ಬರೆಯುತ್ತಾನೆ. ಚೆನ್ನಾಗಿ ನಡೆದ ಪಾಠ, ಯಶಸ್ವಿಯಾದ ಪ್ರಯೋಗ, ಬಹುಮಾನ ಪಡೆದ ವಿದ್ಯಾರ್ಥಿ ಇವು ಬರಹದಲ್ಲಿ ಮೆರೆಯುತ್ತವೆ. ಮೂರು ಸಲ ಹೇಳಿದರೂ ಮಕ್ಕಳಿಗೆ ತಿಳಿಯದೆ ಹೋದ ಭಿನ್ನರಾಶಿಯ ಲೆಕ್ಕವಾಗಲಿ, ಕೋಪದ ಭರದಲ್ಲಿ ಆಡಿದ ಒಂದು ಮಾತಿನಿಂದ ಶಾಲೆಗೇ ಬೆನ್ನು ತಿರುಗಿಸಿದ ಹುಡುಗನಾಗಲಿ ಅಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಬರೆದದ್ದು ಉಳಿಯುತ್ತದೆ, ಯಾರ ಕೈಗೆ ಸಿಕ್ಕೀತೋ, ಯಾರು ನಕ್ಕಾರೋ ಎಂಬ ಅಳುಕು ಲೇಖನಿಯನ್ನು ಹಿಡಿದು ನಿಲ್ಲಿಸುತ್ತದೆ. ಮುಖಾಮುಖಿಯಾಗಿ ಕುಳಿತಾಗ ಹಾಗಲ್ಲ. ಊಟದ ಪಂಕ್ತಿಯಲ್ಲಿ, ಕಾಫಿಯ ಲೋಟ ಹಿಡಿದು ನಿಂತ ಮೊಗಸಾಲೆಯಲ್ಲಿ, ಎದುರಿನವನ ಕಣ್ಣಿನಲ್ಲಿ ಮರುಕವನ್ನು ಕಂಡಾಗ, “ಈ ಪಾಠ ನನ್ನ ಕೈಯಲ್ಲಿ ಆಗುತ್ತಿಲ್ಲ, ಮಹರಾಯರೇ” ಎಂಬ ಮಾತು ತಾನಾಗಿ ಹೊರಬರುತ್ತದೆ. “ನನ್ನದೂ ಅದೇ ಪಾಡು” ಎಂದು ಇನ್ನೊಬ್ಬರು ಹೇಳಿದ ಕ್ಷಣದಿಂದ ನಿಜವಾದ ವಿಚಾರ ವಿನಿಮಯ ಆರಂಭವಾಗುತ್ತದೆ. ಗೆಲುವನ್ನು ಕಂಡು ಮೆಚ್ಚಬಹುದು. ಸೋಲನ್ನು ಹಂಚಿಕೊಂಡರೆ ಕಲಿಯಬಹುದು.

ಈ ಮಾತು ಉಪಾಧ್ಯಾಯರಿಗೆ ಮಾತ್ರ ಸಲ್ಲುವುದಲ್ಲ. ವಿದ್ಯಾರ್ಥಿಗಳು ರಸಾಯನಶಾಸ್ತ್ರದಲ್ಲಿ ಓದುವ ಆವರ್ತ ಕೋಷ್ಟಕದ ಹಿನ್ನೆಲೆಯಲ್ಲಿಯೂ ಇಂಥದೊಂದು ಭೇಟಿಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ರಸಾಯನಶಾಸ್ತ್ರಜ್ಞರಲ್ಲಿ ಪರಮಾಣು ತೂಕದ ವಿಷಯವಾಗಿ ಒಮ್ಮತವಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಗ್ರಂಥಗಳಲ್ಲಿ ತಮ್ಮದೇ ಸರಿಯೆಂಬಂತೆ ಸೂತ್ರಗಳನ್ನು ಬರೆಯುತ್ತಿದ್ದರು. ಜರ್ಮನಿಯ ಕೆಕುಲೆ 1861ರ ತಮ್ಮ ಗ್ರಂಥದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ 19 ಬಗೆಯ ಸೂತ್ರಗಳನ್ನು ಪಟ್ಟಿಮಾಡಿ ತೋರಿಸಿದ್ದಾರೆ. ಈ ಗೊಂದಲವನ್ನು ಒಪ್ಪಿಕೊಂಡು ಪರಿಹರಿಸಿಕೊಳ್ಳಬೇಕೆಂದು ಕೆಕುಲೆ ಮೊದಲಾದವರು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಸಮ್ಮೇಳನ ಕರೆದರು. ಸುಮಾರು 140 ವಿದ್ವಾಂಸರು ಸೇರಿ ಮೂರು ದಿನ ಚರ್ಚಿಸಿದರು. ಸಭೆಯಲ್ಲಿ ಎಲ್ಲರನ್ನೂ ಕಟ್ಟುವ ನಿರ್ಣಯವೇನೂ ಆಗಲಿಲ್ಲ. ಆದರೆ ಇಟಲಿಯ ಕಾನಿಟ್ಸಾರೋ ಅಲ್ಲಿ ತಮ್ಮ ವಾದವನ್ನು ಮಂಡಿಸಿದರು. ಸಭೆ ಮುಗಿಯುವಾಗ ಅವರ ಕಿರುಹೊತ್ತಗೆಯನ್ನು ನೆರೆದವರ ಕೈಗೆ ಕೊಡಲಾಯಿತು. ಅದು 1858ರಲ್ಲಿಯೇ ಅಚ್ಚಾಗಿದ್ದರೂ ಹೆಚ್ಚು ಜನರ ಗಮನವನ್ನು ಸೆಳೆದಿರಲಿಲ್ಲ. ಈಗ ಅದನ್ನು ಓದಿದ ಲೋಥರ್ ಮೇಯರ್ ಅವರ ಸಂದೇಹಗಳು ನೀಗಿದವು. ಸಭೆಯಲ್ಲಿ ಕುಳಿತು ಕಾನಿಟ್ಸಾರೋ ಅವರ ಮಾತನ್ನು ಕೇಳಿದ್ದ 26 ವರ್ಷದ ಮೆಂಡಲೀವ್ 1869ರಲ್ಲಿ ಆವರ್ತ ಕೋಷ್ಟಕವನ್ನು ಪ್ರಕಟಿಸಿದರು. ಅಕ್ಷರ ಅದೇ, ಆದರೆ ಬರೆದವರನ್ನು ಕಂಡು, ಅವರ ದನಿಯನ್ನು ಕೇಳಿದ ಮೇಲೆ ಅಕ್ಷರಕ್ಕೆ ಬಂದ ಬಲವೇ ಬೇರೆ.

ಹಾಗೆಂದು ಜನ ಕೂಡಿದಲ್ಲೆಲ್ಲ ಇಂಥ ಫಲ ದೊರೆಯುತ್ತದೆಯೆ? ಇಲ್ಲ. ಎಷ್ಟೋ ಸಮ್ಮೇಳನಗಳಲ್ಲಿ ಸ್ವಾಗತ, ಹಾರ ತುರಾಯಿ, ಮುಖ್ಯ ಅತಿಥಿಗಳ ಭಾಷಣ, ವಂದನಾರ್ಪಣೆಗಳಲ್ಲಿಯೇ ಹೊತ್ತು ಮುಗಿಯುತ್ತದೆ. ನೂರು ಮೈಲಿ ದೂರದಿಂದ ಬಂದ ಉಪಾಧ್ಯಾಯನು ಹಿಂದಿನ ಸಾಲಿನಲ್ಲಿ ಕುಳಿತು, ಕೈಚಪ್ಪಾಳೆ ತಟ್ಟಿ, ಊಟ ಮಾಡಿ ಹಿಂದಿರುಗುತ್ತಾನೆ. ಬರಹದಲ್ಲಿ ಇಲ್ಲದಿದ್ದ ಮಣೆಗಳ ಎತ್ತರ ತಗ್ಗು ಇಲ್ಲಿ ಮರಳಿ ಬಂದುಬಿಡುತ್ತದೆ. ಈ ದೋಷಕ್ಕೆ ಉಪಾಧ್ಯಾಯರೇ ಮದ್ದು ಕಂಡುಕೊಂಡರು. ಟೀಚ್‌ಮೀಟ್ ಸಭೆಗಳಲ್ಲಿ ಒಬ್ಬರಿಗೆ 7 ನಿಮಿಷ, ಇಲ್ಲವೆ 2 ನಿಮಿಷ ಮಾತ್ರ ಕೊಡುವ ಪದ್ಧತಿ ಬೆಳೆಯಿತು. ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ 2010ರ ಮೇ ತಿಂಗಳಲ್ಲಿ ‘ಎಡ್‌ಕ್ಯಾಂಪ್’ ಎಂಬ ಸಭೆ ಮೊದಲ ಬಾರಿಗೆ ನಡೆಯಿತು. ಅದರಲ್ಲಿ ಮುಖ್ಯ ಭಾಷಣಕಾರರೇ ಇಲ್ಲ. ಬೆಳಗ್ಗೆ ಒಂದು ಬರಿಯ ಫಲಕವಿರುತ್ತದೆ. ಯಾರಿಗೆ ಯಾವ ವಿಷಯವನ್ನು ಚರ್ಚಿಸುವ ಇಚ್ಛೆಯೋ ಅವರು ಅದನ್ನು ಅಲ್ಲಿ ಬರೆಯುತ್ತಾರೆ. ಒಂದು ಕೊಠಡಿಯ ಚರ್ಚೆ ತನಗೆ ಉಪಯುಕ್ತವಲ್ಲವೆಂದು ತೋರಿದರೆ ಎದ್ದು ಇನ್ನೊಂದಕ್ಕೆ ಹೋಗಬಹುದು. ಅದನ್ನು ಯಾರೂ ಅಗೌರವವೆಂದು ಭಾವಿಸುವುದಿಲ್ಲ. ಬರಹದ ಸಮಾನತೆಯನ್ನು ಭೇಟಿಯಲ್ಲಿಯೂ ಉಳಿಸಿಕೊಳ್ಳುವ ಈ ಜಾಣ್ಮೆ ಅನುಕರಣೀಯವಾದುದು.

ಕೊರೋನಾ ವ್ಯಾಧಿ ಹಬ್ಬಿದ 2020ರಲ್ಲಿ ಜಗತ್ತಿನ ಸಭೆಗಳೆಲ್ಲ ಪರದೆಯ ಮೇಲೆ ನಡೆಯಬೇಕಾಯಿತು. ಪ್ರಯಾಣದ ಖರ್ಚನ್ನು ಹೊರಲಾರದವರು, ಮನೆಯ ಹೊಣೆಯನ್ನು ಬಿಟ್ಟು ಹೊರಡಲಾರದ ತಾಯಂದಿರು, ಅಂಗವೈಕಲ್ಯವುಳ್ಳವರು ಅಂದು ಮನೆಯಿಂದಲೇ ಸಭೆಗಳಲ್ಲಿ ಭಾಗವಹಿಸಿದರು. ಈ ಉಪಕಾರವನ್ನು ಮರೆಯಲಾಗದು. ಆದರೆ ಭಾಷಣ ಮುಗಿದೊಡನೆ ಪರದೆ ಕಪ್ಪಾಗುತ್ತಿತ್ತು. ಮೊಗಸಾಲೆಯ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಆದುದರಿಂದ ಪರದೆಯೋ ಭೇಟಿಯೋ ಎಂಬ ವಾದವೇ ಸರಿಯಲ್ಲ. ಒಂದು ಪರಿಚಯವನ್ನು ಹುಟ್ಟಿಸುತ್ತದೆ. ಇನ್ನೊಂದು ನಂಬಿಕೆಯನ್ನು ಬೆಳೆಸುತ್ತದೆ.

ಇವುಗಳ ಕ್ರಮ ಹಿಂದುಮುಂದಾದರೂ ಬಾಧಕವಿಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ 2011ರ ಈಚೆಗೆ ವಿಷಯ ಶಿಕ್ಷಕರ ವೇದಿಕೆ ರೂಪುಗೊಂಡಾಗ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಉಪಾಧ್ಯಾಯರು ಕಾರ್ಯಾಗಾರಗಳಲ್ಲಿ ಕಲೆತರು. ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ ಮಿಂಚಂಚೆಯ ಮೂಲಕ ಮಾತನ್ನು ಮುಂದುವರಿಸಿದರು. ಒಮ್ಮೆ ಜೊತೆಯಲ್ಲಿ ಕುಳಿತು ಉಂಡವರಿಗೆ ಬರೆದು ಕೇಳುವುದರಲ್ಲಿ ಸಂಕೋಚವಿರುವುದಿಲ್ಲ.

ಇಂದಿನ ವಿದ್ಯಾರ್ಥಿಗಳಿಗೂ ಕಾಣದ ಗೆಳೆಯರು ಉಂಟು. ಅವರಲ್ಲಿ ಎಲ್ಲರೂ ಬರೆದಂತೆ ಇರುವವರಲ್ಲ. ಆದುದರಿಂದ ಹಿರಿಯರಿಗೆ ತಿಳಿಸದೆ, ಒಬ್ಬಂಟಿಯಾಗಿ, ಅಪರಿಚಿತರನ್ನು ಕಾಣಹೋಗುವುದು ವಿವೇಕವಲ್ಲ. ಶಾಲೆಗಳ ನಡುವಣ ವಿಜ್ಞಾನ ಮೇಳ, ಸಾಹಿತ್ಯ ಗೋಷ್ಠಿ, ಕ್ರೀಡಾಕೂಟಗಳು ಇಂಥ ಭೇಟಿಗಳಿಗೆ ತಕ್ಕ ಸ್ಥಳಗಳು. ಅಲ್ಲಿ ಬೇರೆ ಊರಿನ ವಿದ್ಯಾರ್ಥಿಯೊಬ್ಬನು ಎದುರಾದಾಗ, ತಾನು ಪಡೆದ ಅಂಕಗಳನ್ನು ಹೇಳಿ ಮುಗಿಸುವುದಕ್ಕಿಂತ, ತನಗೆ ತಿಳಿಯದೆ ಉಳಿದ ಒಂದು ಪಾಠವನ್ನು ಹೇಳಿಕೊಳ್ಳುವವನು ಹೆಚ್ಚಿನದನ್ನು ಪಡೆದು ಮನೆಗೆ ಮರಳುತ್ತಾನೆ.