ಹಳದಿ ಕೊರಳಿನ ಬೆಟ್ಟವಾಸಿ

ಕೋಲಾರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಚಿನ್ನದ ಗಣಿ. ಅದೂ 2001ರಲ್ಲಿ ಮುಚ್ಚಿಹೋಯಿತು. ಉಳಿದವರಿಗೆ ಶ್ರೀನಿವಾಸಪುರದ ಮಾವು, ಮಾಲೂರಿನ ಹೆಂಚು, ಮುಳಬಾಗಿಲಿನ ದೋಸೆ. ಹಕ್ಕಿ ನೋಡಲು ಕೋಲಾರಕ್ಕೆ ಹೊರಟಿದ್ದೇನೆಂದರೆ ಮನೆಮಂದಿ ನಕ್ಕಾರು. ‘ಹಕ್ಕಿ ನೋಡುವವರು ರಂಗನತಿಟ್ಟಿಗೆ ಹೋಗುತ್ತಾರಪ್ಪ!’ ಎಂದು ನಮ್ಮ ಅತ್ತಿಗೆಯವರು ಅಂದದ್ದೂ ಉಂಟು.

ಆದರೂ ಹೇಳುತ್ತೇನೆ: ವಾಚಕರು ಚೈತ್ರಮಾಸದ ಒಂದು ಬೆಳಗ್ಗೆ, ಮೂಡಲು ಕೆಂಪಾಗುವ ಮುನ್ನವೇ, ಕೋಲಾರ ಪಟ್ಟಣದ ಮಗ್ಗುಲಲ್ಲಿರುವ ಅಂತರಗಂಗೆಯ ಮೆಟ್ಟಿಲುಗಳನ್ನು ಹತ್ತಬೇಕು. ಬೆಟ್ಟದ ಸಾಲಿಗೆ ಶತಶೃಂಗವೆಂಬ ಘನವಾದ ಹೆಸರಿದೆ. ಮೇಲೆ ಕಾಶಿ ವಿಶ್ವೇಶ್ವರನ ಗುಡಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಬೇಸಗೆಯಲ್ಲೂ ನೀರು ಸುರಿಯುತ್ತದೆ. ಮಳೆಗಾಲದಲ್ಲಿ ಬಂಡೆಯ ಬಿರುಕುಗಳಲ್ಲಿ ಇಳಿದ ನೀರನ್ನು ಬೆಟ್ಟವು ಜಿಪುಣನಂತೆ ಕೂಡಿಟ್ಟು ತೊಟ್ಟುತೊಟ್ಟಾಗಿ ಕೊಡುತ್ತದೆ. ಜೀವನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಹಕ್ಕಿಗಳಿಗೂ ಅದು ತೀರ್ಥವೇ. ತಿಂಡಿಯ ಪೊಟ್ಟಣವನ್ನು ಮಾತ್ರ ಕೈಯಲ್ಲಿ ಹಿಡಿದು ಹೋಗಬೇಡಿ. ಅಲ್ಲಿಯ ಕೋತಿಗಳಿಗೆ ದಾಕ್ಷಿಣ್ಯವೆಂಬುದಿಲ್ಲ.

ಮೊದಲು ಕಿವಿಗೆ ಬೀಳುವುದು ಕೋಗಿಲೆ. ಅದರ ಹಿಂದೆಯೇ, ಕಂಚುಗಾರನು ಪಾತ್ರೆ ಬಡಿದಂತೆ ‘ಟೊಂಕ್ ಟೊಂಕ್’ ಎನ್ನುವ ಪುಟ್ಟ ಗುಟುರ ಹಕ್ಕಿ. ಇವು ನಮ್ಮ ಬೀದಿಯ ಮರಗಳಲ್ಲೂ ದೊರೆಯುವ ಬಂಧುಗಳು. ಗುಡಿಯನ್ನು ದಾಟಿ, ದೊಡ್ಡ ಗುಂಡುಗಳ ನಡುವಣ ಕುರುಚಲಿನ ಕಡೆ ನಡೆಯಿರಿ. ಅಲ್ಲಿ ತಾಳ್ಮೆಯಿಂದ ಕುಳಿತವರಿಗೆ ಹಳದಿ ಕೊರಳಿನ ಪಿಕಳಾರ ಕಾಣಿಸಬಹುದು.

ಮನೆಯಂಗಳದ ಪಿಕಳಾರಕ್ಕಿರುವ ಜಂಬದ ಜುಟ್ಟು ಇದಕ್ಕಿಲ್ಲ. ಬೂದು ಮೈ, ತಲೆ, ಕೊರಳುಗಳಿಗೆ ಮಾತ್ರ ಅರಿಸಿನ ಬಳಿದಂತೆ ಹಳದಿ. ಬಲು ನಾಚಿಕೆಯ ಪ್ರಾಣಿ. ಪೊದೆಯಿಂದ ಪೊದೆಗೆ ಹಾರಿ ಮರೆಯಾಗುತ್ತದೆ. ವೈದ್ಯರಾಗಿದ್ದ ಜೆರ್ಡನ್ ಎಂಬ ಆಂಗ್ಲರು 1845ರಲ್ಲಿ ಇದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಈ ಹಕ್ಕಿಯಿಲ್ಲ. ನಂದಿಬೆಟ್ಟದಲ್ಲಿ ಇದನ್ನು ಕಾಣಲೆಂದೇ ಪರದೇಶದವರು ಬರುವುದುಂಟು. ನಾವೋ ಅಲ್ಲಿ ಬೋಂಡ ತಿಂದು ಹಿಂದಿರುಗುತ್ತೇವೆ!

ನಾನು ಕಂಡದ್ದು ಬಂಡೆಯ ಸೀಳಿನಲ್ಲಿ ಬೇರಿಳಿಸಿದ್ದ ಅತ್ತಿಯ ಜಾತಿಯ ಒಂದು ಗಿಡದಲ್ಲಿ. ಆ ಗಿಡವನ್ನು ನೆಟ್ಟವರಾರು? ಎಂದೋ ಹಣ್ಣು ತಿಂದ ಹಕ್ಕಿಯೇ. ಹಿಕ್ಕೆಯೊಡನೆ ಬಿದ್ದ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಗಿಡ ಬೆಳೆದು ಮುಂದಿನ ಹಕ್ಕಿಗೆ ಹಣ್ಣು ಕೊಡುತ್ತದೆ. ಸಮೀಪದಲ್ಲಿ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ದುರ್ಬೀನನ್ನೇ ನೋಡುತ್ತಿದ್ದರು.

‘ಏನ್ ಸ್ವಾಮಿ, ಚಿರತೆ ಐತಾ?’

‘ಇಲ್ಲ ಯಜಮಾನರೇ, ಹಕ್ಕಿ.’

‘ಅರಿಶಿಣದ್ದಾ? ಹೋದ ವರ್ಷ ಆ ಕಡೆ ಗುಡ್ಡದಲ್ಲೂ ಇತ್ತು. ಬೆಂಕಿ ಬಿದ್ದ ಮೇಲೆ ಕಾಣೆ.’

ಬೇಸಗೆಯಲ್ಲಿ ಒಣಹುಲ್ಲಿಗೆ ತಗಲುವ ಬೆಂಕಿ ಒಂದು ವಿಪತ್ತು. ಆದರೆ ಸುಟ್ಟ ಪೊದೆ ಮಳೆ ಬಂದರೆ ಚಿಗುರೀತು. ಒಡೆದ ಬಂಡೆ ಚಿಗುರುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಹಕ್ಕಿಯನ್ನು ಅಳಿವಿನ ಭೀತಿಯುಳ್ಳವುಗಳ ಪಟ್ಟಿಗೆ ಸೇರಿಸಿರುವುದಕ್ಕೆ ಕಲ್ಲುಗಣಿಗಳೂ ಕಾರಣ. ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಕಲ್ಲು ಒಡೆದೇ ಹೊಟ್ಟೆ ಹೊರೆಯುವ ಸಂಸಾರಗಳಿವೆ. ನಮ್ಮ ಮನೆಗಳ ಮೆಟ್ಟಿಲು, ತಾರಸಿಯ ಜಲ್ಲಿ ಇಂಥ ಬೆಟ್ಟಗಳಿಂದಲೇ ಬಂದವು. ಆದುದರಿಂದ ಕಲ್ಲು ಒಡೆಯುವವನನ್ನು ಬೈಯಲು ನನಗೆ ನಾಲಗೆ ಏಳದು. ಆದರೂ ಯಾವ ಗುಡ್ಡವನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವಾಗ, ಕಲ್ಲಿನ ಲೆಕ್ಕದೊಡನೆ ನೀರಿನ ಒರತೆಯನ್ನೂ ಪೊದೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಅಸಾಧ್ಯವೇನಲ್ಲ.

ಹೋಗುವವರು ಬೇಗ ಹೋಗಿ. ಬಿಸಿಲೇರಿ ಬಂಡೆ ಕಾದಿತೆಂದರೆ ಹಕ್ಕಿಗಳು ನೆರಳು ಸೇರಿ ಸುಮ್ಮನಾಗುತ್ತವೆ. ಆಮೇಲೆ ಕೋತಿಗಳೇ ಗತಿ.