ಮರೆಸಿ ಕಲಿಸುವ ವಿದ್ಯೆ ನಮಗೆ ಬೇಡ

ಮಕ್ಕಳ ಓದಿಗೆ ಅಡ್ಡಿಯಾಗದಿರಲೆಂದು ಮನೆಯಲ್ಲಿ ಕನ್ನಡವಾಡುವುದನ್ನೇ ಬಿಟ್ಟ ಸಂಸಾರಗಳು ಈ ಮುಂಬಯಿಯಲ್ಲಿ ಕಡಮೆಯಿಲ್ಲ. ಅವೇ ಮನೆಗಳಲ್ಲಿ, 'ಮರಾಠಿ ಕಲಿತು ಆಗಬೇಕಾದ್ದೇನು?' ಎಂಬ ಮಾತೂ ಕೇಳಿಬರುತ್ತದೆ. ಹುಟ್ಟಿ ಬಂದ ನುಡಿ ಹೊರೆ, ಇರುವ ಊರಿನ ನುಡಿ ಕೀಳು. ಎರಡನ್ನೂ ಬಿಟ್ಟ ಮಗು ಮಾತ್ರ ಮುಂದೆ ಬಂದೀತು ಎಂಬುದು ಇವರ ನಂಬಿಕೆ. ಈ ನಂಬಿಕೆ ಎಷ್ಟು ಟೊಳ್ಳೆಂಬುದನ್ನು ತೋರಿಸಲು ಆಸ್ಟ್ರೇಲಿಯದ ಬರಡು ನೆಲದಲ್ಲಿ ನಡೆದ ಎರಡು ಪ್ರಯಾಣಗಳನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಎರಡರಲ್ಲೂ ಬದುಕಿ ಉಳಿದವರು ಎಳೆಯರು.

1860ರ ಆಗಸ್ಟ್ 20ರಂದು ಬರ್ಕ್ ಎಂಬವನ ಮುಂದಾಳುತನದಲ್ಲಿ ಒಂದು ತಂಡ, ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲೆಂದು ಮೆಲ್ಬೋರ್ನಿನಿಂದ ಹೊರಟಿತು. ಅದರ ಒಂಟೆಗಳು ಹೋದದ್ದು ನಮ್ಮ ಉಪಖಂಡದಿಂದ. ಅವುಗಳೊಡನೆ ಹೋದ ತರುಣ ಜಾನ್ ಕಿಂಗ್ ಇಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದವನು. ಉತ್ತರದ ಕಡಲಂಚಿನವರೆಗೂ ಹೋಗಿ ಹಿಂದಿರುಗಿದವರು 1861ರ ಏಪ್ರಿಲ್ 21ರ ಸಂಜೆ ಕೂಪರ್ ಕ್ರೀಕ್ ಎಂಬ ಹೊಳೆಯ ಬಳಿಯ ತಮ್ಮ ಠಾಣ್ಯವನ್ನು ಮುಟ್ಟಿದಾಗ, ಕಾದಿದ್ದ ಜನ ಅಂದು ಬೆಳಿಗ್ಗೆಯಷ್ಟೇ ಹೊರಟುಹೋಗಿದ್ದರು. ಉಳಿದವರು ಮೂವರು: ಬರ್ಕ್, 27 ವರ್ಷದ ವಿಲ್ಸ್, 22 ವರ್ಷದ ಕಿಂಗ್.

ಅಲ್ಲಿ ನೀರಿತ್ತು, ಮೀನಿತ್ತು. ಯಂಡ್ರುವಂಡ ಎಂಬ ಮೂಲನಿವಾಸಿ ಜನ ತಲೆಮಾರುಗಳಿಂದ ಅದೇ ಹೊಳೆಯ ದಂಡೆಯಲ್ಲಿ ಬಾಳುತ್ತಿದ್ದರು. ಅವರು ಮೀನು ಕೊಟ್ಟರು, ನಾರ್ಡೂ ಎಂಬ ಜರೀಗಿಡದ ಬೀಜಕೋಶದ ಹಿಟ್ಟನ್ನೂ ಕೊಟ್ಟರು. ಬರ್ಕನಾದರೋ ಅವರನ್ನು ನಂಬದೆ ಗುಂಡು ಹಾರಿಸಿ ಬೆದರಿಸಿದ. ಆ ಜನ ದೂರ ಸರಿದ ಮೇಲೆ ಇವರು ತಾವೇ ನಾರ್ಡೂ ಕುಟ್ಟಿ ತಿಂದರು. ಹೊಟ್ಟೆ ತುಂಬಿದರೂ ಮೈ ಸೊರಗಿತು. ವಿಜ್ಞಾನ ಓದಿದ ನಮಗೆ ಇದರ ಕಾರಣ ಕುತೂಹಲದ್ದು. ಆ ಗಿಡದಲ್ಲಿ ಬಿ-1 ಜೀವಸತ್ವವನ್ನು ಒಡೆಯುವ ಕಿಣ್ವವೊಂದಿದೆ. ಸ್ಥಳೀಯರು ಹುರಿದು, ಧಾರಾಳ ನೀರಿನೊಡನೆ ಅರೆದು ಅದರ ದೋಷ ಕಳೆಯುತ್ತಿದ್ದರು. ಆ ಕ್ರಮ ತಿಳಿಯದ ಇವರಿಗೆ ಬೆರಿಬೆರಿ ತಗಲಿರಬೇಕು ಎಂದು 1994ರಲ್ಲಿ ವಿಜ್ಞಾನಿಗಳು ವಾದಿಸಿದರು. ಅಕ್ಷರ ಬಾರದವರ ಅಡುಗೆಯಲ್ಲಿ ರಸಾಯನಶಾಸ್ತ್ರವಿತ್ತು. ಕೇಳುವ ವಿನಯ ಸಾಲದೆ ಹೋಯಿತು.

ಬರ್ಕ್ ಮತ್ತು ವಿಲ್ಸ್ ಹೊಳೆಯ ಪಕ್ಕದಲ್ಲೇ ಸತ್ತರು. ಕಿಂಗ್ ಆ ಜನರನ್ನು ಹುಡುಕಿಕೊಂಡು ಹೋದ. ಅವರಿಗಾಗಿ ಹಕ್ಕಿ ಹೊಡೆದುಕೊಟ್ಟ, ಒಬ್ಬ ಹೆಂಗಸಿನ ತೋಳಿನ ಹುಣ್ಣು ತೊಳೆದು ಮದ್ದು ಹಚ್ಚಿದ. ಅವರು ಅವನಿಗೆ ಅನ್ನವಿಟ್ಟರು. ಸೆಪ್ಟೆಂಬರ್ 15ರಂದು ಹುಡುಕಿ ಬಂದವರಿಗೆ ಅವನು ಜೀವಂತ ಸಿಕ್ಕಿದ. ನೆರೆಯವರಿಂದ ಕಲಿಯುವುದೇನಿದೆ ಎನ್ನುವವರಿಗೆ ನಮ್ಮ ಉತ್ತರ ಇದು.

ಇನ್ನು ಎರಡನೆಯದು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಿಳಿಯ ತಂದೆಗೂ ಮೂಲನಿವಾಸಿ ತಾಯಿಗೂ ಹುಟ್ಟಿದ ಮಕ್ಕಳನ್ನು ತಾಯಂದಿರಿಂದ ಕಿತ್ತು ವಸತಿಗಳಿಗೆ ಸೇರಿಸಲು 1905ರ ಕಾನೂನು ಅಧಿಕಾರ ಕೊಟ್ಟಿತ್ತು. 1931ರಲ್ಲಿ ಮರುಭೂಮಿಯಂಚಿನ ಜಿಗಲಾಂಗಿನಿಂದ ಮಾಲಿ, ಗ್ರೇಸಿ, ಡೇಜಿ ಎಂಬ ಮೂವರನ್ನು ದಕ್ಷಿಣದ ಮೂರ್ ರಿವರ್ ವಸತಿಗೆ ಒಯ್ದರು. ಹಿರಿಯಳಾದ ಮಾಲಿಗೆ ಸುಮಾರು 14 ವರ್ಷ, ಡೇಜಿಗೆ ಸುಮಾರು 8. ಅಲ್ಲಿ ತಾಯ್ನುಡಿಯಾಡಕೂಡದು, ಇಂಗ್ಲಿಷೇ ಆಗಬೇಕು. ಇದೆಲ್ಲ ಮಕ್ಕಳ ಹಿತಕ್ಕಾಗಿಯೇ ಎಂದು ಅಧಿಕಾರಿಗಳು ನಂಬಿದ್ದರು. ನಾವೂ ಸರ್ಕಾರದ ಕಡತ ಬರೆಯುವ ಜನ. 'ಹಿತದೃಷ್ಟಿಯಿಂದ' ಎಂಬ ಒಂದು ಪದ ಎಂತೆಂಥ ಆಜ್ಞೆಗಳ ಕೆಳಗೆ ಅಡಗಿ ಕೂರಬಲ್ಲದೆಂಬುದನ್ನು ಬಲ್ಲೆವು.

ಹುಡುಗಿಯರು ಹೆಚ್ಚು ದಿನ ಕಾಯದೆ ಓಡಿದರು. ಮೊಲಗಳ ಹಾವಳಿ ತಡೆಯಲೆಂದು ಬಿಳಿಯರು 1907ರಲ್ಲಿ ಕಟ್ಟಿ ಮುಗಿಸಿದ ಸಾವಿರಾರು ಮೈಲಿಯ ತಂತಿಬೇಲಿಯೊಂದು ಜಿಗಲಾಂಗಿನ ಬಳಿ ಹಾದುಹೋಗುತ್ತಿತ್ತು. ಮಾಲಿಯ ತಂದೆ ಅದೇ ಬೇಲಿಯ ಮೇಲ್ವಿಚಾರಣೆ ನೋಡಿದ್ದವನು. ಬೇಲಿ ಸಿಕ್ಕರೆ ಊರು ಸಿಕ್ಕಿತೆಂದು ಅವಳು ಅರಿತಿದ್ದಳು. ಹೆಜ್ಜೆಗುರುತು ಮರೆಸುವುದು, ಬೇಟೆಯಾಡುವುದು, ಮೊಲದ ಬಿಲಗಳಲ್ಲಿ ರಾತ್ರಿ ಕಳೆಯುವುದು - ಇದು ತಾಯಿಯ ಕಡೆಯ ವಿದ್ಯೆ. ದಾರಿ ತೋರಿದ ಬೇಲಿ ತಂದೆಯ ಕಡೆಯದು. ಗ್ರೇಸಿ ವಿಲೂನಾದಲ್ಲಿ ಸಿಕ್ಕಿಬಿದ್ದಳು. ಉಳಿದಿಬ್ಬರು ಸುಮಾರು 1600 ಕಿಲೋಮೀಟರು ನಡೆದು, ಸುಮಾರು ಒಂಬತ್ತು ವಾರಗಳಲ್ಲಿ ತಾಯಂದಿರನ್ನು ಸೇರಿದರು. ಮಾಲಿಯ ಮಗಳು ಡೋರಿಸ್ ಪಿಲ್ಕಿಂಗ್‌ಟನ್ 1996ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. 2002ರಲ್ಲಿ ಚಲನಚಿತ್ರವೂ ಬಂತು. ಇಂಥ ಮಕ್ಕಳಿಗಾಗಿ ಆಸ್ಟ್ರೇಲಿಯದ ಪ್ರಧಾನಿ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೋರಿದರು.

ಅನ್ಯರದನ್ನು ಬಳಸಿಕೊಳ್ಳಲು ಮಾಲಿ ತನ್ನದನ್ನು ಮರೆಯಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬೇಲಿಯೊಂದೇ ಇದ್ದು ಕಾಡಿನ ವಿದ್ಯೆ ಇಲ್ಲದಿದ್ದರೆ ಹಸಿವೆಯೇ ಗತಿ. ಕಾಡಿನ ವಿದ್ಯೆ ಇದ್ದರೂ ಬೇಲಿಯಿಲ್ಲದೆ ಅಷ್ಟು ದೂರದ ಊರಿನ ದಿಕ್ಕು ಹಿಡಿಯುವುದು ಸುಲಭವಿರಲಿಲ್ಲ.

'ಅವರ ಕತೆಗೂ ನಮಗೂ ಏನು ಸಂಬಂಧ? ನಮ್ಮ ಮಕ್ಕಳನ್ನು ಯಾರೂ ಎಳೆದೊಯ್ದಿಲ್ಲವಲ್ಲ' ಎಂದು ಕೇಳಬಹುದು. ನಿಜ. ಆ ತಾಯಂದಿರ ದುಃಖಕ್ಕೆ ನಮ್ಮ ಸ್ಥಿತಿಯನ್ನು ಹೋಲಿಸುವುದು ಅಪಚಾರ. ಆದರೆ ಅಲ್ಲಿ ಪೊಲೀಸರನ್ನು ಕಳಿಸಿ ಮಾಡಿಸಬೇಕಾದ ಕೆಲಸವನ್ನು ಇಲ್ಲಿ ನಾವೇ, ಯಾರ ಬಲವಂತವೂ ಇಲ್ಲದೆ, ಊಟದ ಮಣೆಯ ಮೇಲೆ ಕುಳಿತು ಮಾಡುತ್ತಿದ್ದೇವೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಹೊಟ್ಟೆಪಾಡಿನ ಬೇಲಿ, ಹಿಡಿದು ನಡೆಯಲಿ. ಅದಕ್ಕಾಗಿ ಕನ್ನಡವನ್ನು ಕಿತ್ತುಹಾಕಬೇಕೆಂಬ ವಾದವನ್ನು ಮಾತ್ರ ಒಪ್ಪೆವು.

ರಾಜ್ಯೋತ್ಸವದಂದು ಕನ್ನಡ ಪದ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಒಪ್ಪಿಸುವ ಮಗುವಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಪರಿಪಾಠ ಸಾಕು. ತಂದೆತಾಯಿಗಳು ಇಂದಿನಿಂದಲೇ ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಲಿ. ಪಕ್ಕದ ಮನೆಯ ಮರಾಠಿ ಅಜ್ಜಿಯ ಬಳಿಗೂ ಮಕ್ಕಳನ್ನು ಕಳಿಸಲಿ, ಒಂದು ಬಟ್ಟಲು ಹುಳಿ ಕೈಗೆ ಕೊಟ್ಟು. ಬರಿಗೈಯಲ್ಲಿ ಬರುವ ಮಗುವಲ್ಲ ಅದು. ನಾಲ್ಕು ಮಾತು ಕಲಿತೇ ಬರುತ್ತದೆ.